ಗಿಡಕ್ಕೆ ಹೇಳಿ ಬರುವ ರೂಢಿಯೂ ದಾಖಲಾಗಲಿ

ಮಾನ್ಯರೇ,

ನಿಮ್ಮ ಪತ್ರಿಕೆಯ ವಾರದ ಪುರವಣಿಯಲ್ಲಿ ಬರುವ ಮನೆಮದ್ದಿನ ಅಂಕಣವನ್ನು ತಪ್ಪದೆ ಓದುವವಳು ನಾನು. ಹೋದ ತಿಂಗಳು ಅಮೃತಬಳ್ಳಿಯ ಬಗ್ಗೆ ಬಂದಿತ್ತು. ಎಲೆಯ ಚಿತ್ರ ಇತ್ತು, ಕಷಾಯ ಕಾಯಿಸುವ ಬಗೆ ಇತ್ತು, ಯಾವ ಯಾವ ಬೇನೆಗೆ ಆಗುತ್ತದೆ ಎಂಬುದೂ ಇತ್ತು. ಬಳ್ಳಿಯನ್ನು ಎಲ್ಲಿಂದ ತರಬೇಕು, ಯಾವಾಗ ತರಬೇಕು, ಎಷ್ಟಕ್ಕೆ ಕೈ ನಿಲ್ಲಿಸಬೇಕು, ಯಾರು ಅದನ್ನು ಕುಡಿಯಬಾರದು ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಪೇಪರು ಮಡಚಿಟ್ಟ ಮೇಲೂ ನಾಲ್ಕು ದಿನ ಅದೇ ತಲೆಯಲ್ಲಿತ್ತು. ಅದಕ್ಕೇ ಈ ಪತ್ರ. ಉದ್ದವಾಗಿದೆ ಎಂದು ಗೊತ್ತು. ಪೂರ್ತಿ ಹಾಕಲು ಜಾಗವಿಲ್ಲದಿದ್ದರೆ ಕೊನೆಯ ಭಾಗವನ್ನಾದರೂ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ.

ನಾನು ಬಾದಾಮಿ ತಾಲ್ಲೂಕಿನವಳು. ಮೂವತ್ನಾಲ್ಕು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾಗಿದ್ದೇನೆ. ಗಂಡನ ಮನೆ ಬನಶಂಕರಿಯಿಂದ ಮೂರ್ನಾಲ್ಕು ಕಿಲೋಮೀಟರ್ ಆಚೆ, ಗುಡ್ಡದ ಬುಡದಲ್ಲಿ. ಮೂರು ತಲೆಮಾರಿನಿಂದ ಗಾಂವಠಿ (ನಾಟಿ) ಔಷಧ ಕೊಡುವ ಮನೆ ಅದು. ನಮ್ಮ ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಅವರಿಗೆ ಗೊತ್ತಿದ್ದ ಗಿಡ ಮೂವತ್ತಕ್ಕೂ ಹೆಚ್ಚು, ಆದರೆ ಕೊಡುತ್ತಿದ್ದ ಔಷಧ ಮೂರೇ. ಬಾಣಂತಿಗೆ ಹಾಲು ಸಾಲದಿದ್ದರೆ ಶತಾವರಿ, ಕಾಮಣಿಗೆ (ಕಾಮಾಲೆಗೆ) ನೆಲನೆಲ್ಲಿ, ಕೆಮ್ಮಿಗೆ ಆಡುಸೋಗೆ. ಉಳಿದವನ್ನು ಯಾಕೆ ಕೊಡುವುದಿಲ್ಲ ಎಂದು ಕೇಳಿದರೆ, “ಅವು ನನಗ ಗುರ್ತು ಅದಾವು ಅಷ್ಟ. ಅವಕ್ಕ ನನ್ನ ಗುರ್ತು ಇಲ್ಲ” ಎನ್ನುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಈ ಮಾತು ನನಗೆ ಅರ್ಥವಾಗಿರಲಿಲ್ಲ.

ಶತಾವರಿಯನ್ನು ನಮ್ಮ ಕಡೆ ಹಳಬರು ‘ಹಲವು ಮಕ್ಕಳ ತಾಯಿ’ ಎನ್ನುತ್ತಾರೆ. ನೆಲದೊಳಗೆ ಒಂದೇ ಬುಡಕ್ಕೆ ಗೊಂಚಲು ಗೊಂಚಲಾಗಿ ಬೇರುಗಡ್ಡೆಗಳಿರುವುದರಿಂದ ಆ ಹೆಸರು. ಅತ್ತೆ ನನ್ನನ್ನು ಮೊದಲ ಸಲ ಗುಡ್ಡಕ್ಕೆ ಕರೆದುಕೊಂಡು ಹೋದದ್ದು 1986ರಲ್ಲಿ, ಬನದ ಹುಣ್ಣಿಮೆ ಕಳೆದು ಹದಿನೈದು ದಿನವಾಗಿತ್ತು. ಓಣಿಯ ಬಾಣಂತಿಯೊಬ್ಬಳಿಗೆ ಹಾಲು ಸಾಲುತ್ತಿರಲಿಲ್ಲ. ಬೆಳಿಗ್ಗೆ ಹೋಗಿ ತಂದರಾಯಿತು ಎಂದು ನಾನು ಅಂದುಕೊಂಡಿದ್ದೆ. ಅತ್ತೆ ಹಿಂದಿನ ದಿನ ಸಂಜೆಯೇ ಹೊರಟರು. ಕೈಯಲ್ಲಿ ಒಂದು ತಂಬಿಗೆ ನೀರು, ಸೆರಗಿನ ತುದಿಯಲ್ಲಿ ಅರಿಷಿಣ, ಕುಂಕುಮ, ಒಂದು ಹಿಡಿ ಜೋಳ.

ಕವಳಿ ಪೊದೆಯೊಳಗೆ ಹಬ್ಬಿತ್ತು ಬಳ್ಳಿ. ಎಲೆ ಎನ್ನುವಂಥ ಎಲೆಯಿಲ್ಲ, ಸೂಜಿಯಂಥ ಹಸಿರು ಎಳೆಗಳು. ದಂಟಿನ ಮೇಲೆ ಹಿಂದಕ್ಕೆ ಬಾಗಿದ ಮುಳ್ಳು. ಅತ್ತೆ ಅದರ ಮುಂದೆ ಕುಕ್ಕುರುಗಾಲಲ್ಲಿ ಕುಂತರು. ಮೊದಲು ಬುಡ ನೋಡಿದರು, ದಂಟು ನೋಡಿದರು, ಒಂದು ಎಳೆ ಚಿವುಟಿ ಮೂಸಿದರು. ಬುಡಕ್ಕೆ ನೀರು ಹಾಕಿ, ಅರಿಷಿಣ ಕುಂಕುಮ ಏರಿಸಿ, ಜೋಳದ ಕಾಳು ಚೆಲ್ಲಿದರು. ಆಮೇಲೆ ಪಕ್ಕದ ಮನೆಯವರೊಂದಿಗೆ ಮಾತಾಡುವ ದನಿಯಲ್ಲೇ ಹೇಳಿದರು: “ತಾಯಿ, ನಾಳಿ ಮುಂಜಾನೆ ಬರ್ತೀನಿ. ಬಾಣಂತಿಗೆ ಹಾಲು ಸಾಲವಲ್ದು, ಕೂಸು ರಾತ್ರಿಯೆಲ್ಲಾ ಅಳತೈತಿ. ನೀ ಎಷ್ಟ ಕೊಡ್ತಿ ಅಷ್ಟ ತಗೋತೀನಿ.” ಅಷ್ಟೇ. ಮಂತ್ರವಿಲ್ಲ, ತಂತ್ರವಿಲ್ಲ. ಎದ್ದು ಮನೆಗೆ ಬಂದೆವು.

ಮರುದಿನ ನಸುಕಿನಲ್ಲಿ ಎದ್ದು ಮೈ ತೊಳೆದುಕೊಂಡು ಬರಿಗಾಲಲ್ಲಿ ಹೋದೆವು. ದಾರಿಯಲ್ಲಿ ಮಾತಾಡಬಾರದು. ಬಳ್ಳಿಯ ಮೇಲೆ ನಮ್ಮ ನೆರಳು ಬೀಳದ ಹಾಗೆ ಪಡುವಣಕ್ಕೆ ಕುಂತರು ಅತ್ತೆ, ಮುಖ ಮೂಡಣಕ್ಕೆ. ಗುದ್ದಲಿ ತಂದಿರಲಿಲ್ಲ. ಬಾರಿ ಕಟ್ಟಿಗೆಯನ್ನು ಚೂಪು ಮಾಡಿದ ಒಂದು ಗೂಟ ಇತ್ತು. ಅದರಿಂದ ಬುಡದ ಒಂದೇ ಮಗ್ಗುಲನ್ನು ಗೇಣುದ್ದ ಕೆದಕಿ, ಆಮೇಲೆ ಬೆರಳಿನಿಂದ ಮಣ್ಣು ಸರಿಸುತ್ತಾ ಹೋದರು. ಹೆಬ್ಬೆರಳಿನಷ್ಟು ದಪ್ಪದ, ಎರಡೂ ತುದಿ ಸಣ್ಣಗಾದ, ಬಿಳಿಚು ಗಡ್ಡೆಗಳು ಕಾಣಿಸಿಕೊಂಡವು. ನಮ್ಮ ಮನೆಯಲ್ಲಿ ಜೋಳ ಅಳೆಯುವಾಗ ಮೊದಲನೇ ಸೇರಿಗೆ ‘ಒಂದು’ ಎನ್ನದೆ ‘ಲಾಭ’ ಎನ್ನುವುದು ರೂಢಿ. ಅತ್ತೆ ಇಲ್ಲಿ ಲಾಭ ಎನ್ನಲಿಲ್ಲ. ಒಂದು ಗಡ್ಡೆ ಮುಟ್ಟಿ “ಇದು ನಿಂದು” ಎಂದು ಬಿಟ್ಟರು, ಮುಂದಿನದನ್ನು ಮುಟ್ಟಿ “ಇದು ನಮ್ಮ ಕೂಸಿಂದು” ಎಂದು ಬಿಡಿಸಿಕೊಂಡರು. ಹೀಗೆ ಒಂದು ಬಿಟ್ಟು ಒಂದು. ಒಂಬತ್ತು ಸಿಕ್ಕವು. ಹತ್ತನೆಯದಕ್ಕೆ ನಾನು ಕೈ ಹಾಕಿದ್ದಕ್ಕೆ ನನ್ನ ಮಣಿಕಟ್ಟು ಹಿಡಿದರು. ಮಣ್ಣು ಮುಚ್ಚಿ, ಅಂಗೈಯಿಂದ ತಟ್ಟಿ, ಉಳಿದ ನೀರು ಹಾಕಿ ಎದ್ದರು.

ಮನೆಗೆ ಬಂದ ಮೇಲೂ ಅದೇ ನಿಗಾ. ಗಡ್ಡೆಯ ಸಿಪ್ಪೆ ಸುಲಿದು, ನಡುವಿನ ನಾರಿನಂಥ ದಾರವನ್ನು ಎಳೆದು ತೆಗೆಯಬೇಕು. ನೆರಳಲ್ಲಿ ಒಣಗಿಸಬೇಕು. ಖಲಬತ್ತದಲ್ಲಿ ಕುಟ್ಟಿ ಹಳೆಯ ಧೋತರದ ತೆಳು ಬಟ್ಟೆಯಲ್ಲಿ ಸೋಸಬೇಕು. ಒಂದು ಸಲ ನಾನು ಗಂಡನೊಂದಿಗೆ ಜಗಳಾಡಿ, ಆ ಸಿಟ್ಟಿನಲ್ಲೇ ಕುಟ್ಟಲು ಕುಂತಿದ್ದೆ. ಸಪ್ಪಳದಲ್ಲೇ ಗೊತ್ತಾಯಿತೇನೋ, ಅತ್ತೆ ಅಡುಗೆಮನೆಯಿಂದ ಬಂದು ಕುಟ್ಟುವ ಬತ್ತ ಕಸಿದುಕೊಂಡರು. “ಸಿಟ್ಟಿನ ಕೈಲೆ ಕುಟ್ಟಬ್ಯಾಡವಾ. ನೀರು ಕುಡದು ಹೊರಗ ಕುಂಡ್ರು ಹೋಗು. ಇದನ್ನ ಕುಡಿಯಾಕಿ ಹಸೇ ಬಾಣಂತಿ.” ಅವರ ಮಾತಿನಲ್ಲಿ ಬೈಗುಳ ಇರಲಿಲ್ಲ. ಆ ಹೆಂಗಸಿನ ಮುಖ ನೆನಪಿಸಿದರು, ಅಷ್ಟೇ. ಅಂದು ನಾನು ಬೇವಿನ ಗಿಡದ ಕೆಳಗೆ ಅರ್ಧ ತಾಸು ಕುಂತು ಬಂದು ಮತ್ತೆ ಬತ್ತ ಹಿಡಿದೆ.

ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಎಲೆ ಅಡಿಕೆ ಕೊಟ್ಟರೆ ಬೇಡ ಎನ್ನುತ್ತಿರಲಿಲ್ಲ. ಗುಣವಾದ ಮೇಲೆ ಬನಶಂಕರಿಗೆ ಹೋಗಿ ಒಂದು ಸೂಡು ಪಲ್ಯೆ ಇಟ್ಟು ಬಾ ಎಂದು ಕಳಿಸುತ್ತಿದ್ದರು. ಪಲ್ಯೆಯೇ ಯಾಕೆ ಎಂಬುದು ಈ ಕಡೆಯವರಿಗೆ ಹೇಳಬೇಕಿಲ್ಲ. ನಮ್ಮ ಬನಶಂಕರಿಯೇ ಶಾಕಾಂಬರಿ. ಮಳೆ ಹೋಗಿ ಜನ ಹಸಿವಿನಿಂದ ಕಂಗೆಟ್ಟಾಗ ತನ್ನ ಮೈಯಿಂದಲೇ ಕಾಯಿಪಲ್ಯೆ, ಗಿಡಬಳ್ಳಿ ಹುಟ್ಟಿಸಿ ಕಾಪಾಡಿದ ತಾಯಿ. ಗುಡಿಯ ಮುಂದಿನ ಹೊಂಡದ ಹೆಸರು ಹರಿದ್ರಾ ತೀರ್ಥ, ಅಂದರೆ ಅರಿಷಿಣದ ಹೊಂಡ. ಜಾತ್ರೆಯ ಹೊತ್ತಿಗೆ ಪಲ್ಯದ ಹಬ್ಬದ ದಿನ 108 ಬಗೆಯ ಕಾಯಿಪಲ್ಯೆಯ ಅಡುಗೆ ದೇವಿಗೆ ಎಡೆಯಾಗುತ್ತದೆ. ಗಿಡವೇ ದೇವರ ಮೈ ಎಂದು ನಂಬಿದ ನೆಲದಲ್ಲಿ, ಗಿಡ ಕೀಳುವ ಮುನ್ನ ಕೇಳಬೇಕು ಎಂಬುದು ಅತ್ತೆಗೆ ಯಾರೂ ಕಲಿಸಬೇಕಾದ ಪಾಠವಾಗಿರಲಿಲ್ಲ. ಅವರು ನನಗೆ ಹೇಳಿದ್ದು ಇಷ್ಟೇ: “ಹೇಳ್ದ ಕೇಳ್ದ ಬಂದು ನಿನ್ನ ಮೈಮ್ಯಾಲೆ ಯಾರರ ಕೈ ಹಾಕಿದ್ರ ಸುಮ್ನ ಇರ್ತಿಯೇನ?”

ಟ್ರೇನಿಂಗ್ ಮುಗಿಸಿ ಬಂದ ಶಿಕ್ಷಕಿ ನಾನು. ಬಹಳ ವರ್ಷ ಇದನ್ನೆಲ್ಲ ಮೂಢನಂಬಿಕೆಯ ಕಟ್ಟಿಗೆ ಸೇರಿಸಿ ಇಟ್ಟಿದ್ದೆ. ನನ್ನ ಕಣ್ಣು ತೆರೆಸಿದ್ದು ಎರಡು ಸಂಗತಿಗಳು.

ಒಂದು, ಚರಕ ಸಂಹಿತೆಯ ಕಲ್ಪಸ್ಥಾನದ ಕನ್ನಡ ಅನುವಾದ ಓದಿದ್ದು. ಗಿಡಮೂಲಿಕೆ ಸಂಗ್ರಹಿಸುವ ನಿಯಮಗಳನ್ನು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಎಳೆಯ ಕೊಂಬೆ, ಎಲೆಗಳನ್ನು ಮಳೆಗಾಲದಲ್ಲಿ ಮತ್ತು ವಸಂತದಲ್ಲಿ; ಬೇರನ್ನು ಗ್ರೀಷ್ಮದಲ್ಲಿ ಅಥವಾ ಶಿಶಿರದಲ್ಲಿ; ತೊಗಟೆ, ಕಂದ, ಗಿಡದ ಹಾಲನ್ನು ಶರದೃತುವಿನಲ್ಲಿ; ಚೇಗನ್ನು (ಮರದ ಗಟ್ಟಿ ತಿರುಳನ್ನು) ಹೇಮಂತದಲ್ಲಿ; ಹೂವು, ಹಣ್ಣನ್ನು ಅವುಗಳ ಕಾಲದಲ್ಲಿ ತೆಗೆಯಬೇಕು. ಸ್ಮಶಾನ, ಹುತ್ತದಂಥ ಜಾಗದ ಗಿಡ ಬೇಡ. ತರುವವನು ಶುಚಿಯಾಗಿ, ಬಿಳಿ ಬಟ್ಟೆ ಉಟ್ಟು, ಉಪವಾಸವಿದ್ದು, ಪೂಜೆ ಮಾಡಿ, ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ ತೆಗೆಯಬೇಕು. ಅತ್ತೆ ಇದನ್ನು ಓದಿದವರಲ್ಲ. “ಬನದ ಹುಣ್ಣಿವಿ ಆಗೂತನಕ ಬೇರಿಗೆ ಕೈ ಹಚ್ಚಬಾರದು” ಎಂದು ತಮ್ಮ ಅತ್ತೆಯಿಂದ ಕೇಳಿದವರು. ಬನದ ಹುಣ್ಣಿಮೆ ಬರುವುದು ಪುಷ್ಯದಲ್ಲಿ. ಅದು ಕಳೆದು ಮಾಘ ಹಿಡಿದರೆ ಶಿಶಿರ. ಅಷ್ಟರಲ್ಲಿ ಶತಾವರಿಯ ಕೆಂಪು ಹಣ್ಣು ಮಾಗಿ ಬೀಜ ಉದುರಿರುತ್ತದೆ. ತಾಯಿಯ ಬುಡ ಅಗೆಯುವ ಮೊದಲೇ ಮರಿಗಳು ಮಣ್ಣು ಸೇರಿರುತ್ತವೆ. ಸಂಸ್ಕೃತದ ಗ್ರಂಥವೂ ಅಕ್ಷರ ಬಾರದ ನಮ್ಮ ಅತ್ತೆಯೂ ಒಂದೇ ಕಾಲವನ್ನು ತೋರಿಸುತ್ತಾರೆ ಎಂದು ಗೊತ್ತಾದ ದಿನ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕುಂತೆ. ಆಗ ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು.

ಎರಡನೆಯದು ನನ್ನ ಕೈಯಿಂದಲೇ ಆದ ತಪ್ಪು. ಇದನ್ನು ಬರೆಯುವುದು ಸುಲಭವಲ್ಲ, ಆದರೂ ಬರೆಯುತ್ತೇನೆ. ಕೊರೊನಾ ಕಾಲದಲ್ಲಿ ಎಲ್ಲರ ಮನೆಯ ಹಾಗೆ ನಮ್ಮ ಮನೆಯಲ್ಲೂ ಅಮೃತಬಳ್ಳಿಯ ಕಷಾಯ ದಿನಾ ಬೆಳಿಗ್ಗೆ ಒಲೆಯ ಮೇಲೆ ಕುದಿಯುತ್ತಿತ್ತು. ಮೊಬೈಲಿಗೆ ಬಂದ ಸಂದೇಶಗಳೇ ನಮಗೆ ವೈದ್ಯರು. ಹಿತ್ತಲ ಬೇವಿನ ಮರದ ಮೇಲಿನ ಬಳ್ಳಿ ಮುಗಿದ ಮೇಲೆ, ಅವಸರದಲ್ಲಿ ಎಲ್ಲೆಲ್ಲಿಂದಲೋ ತಂದೆ. ರಸ್ತೆ ಬದಿಯ ಬೇಲಿಯಿಂದ ತಂದೆ, ಸಂತೆಯಲ್ಲಿ ಕಟ್ಟು ಕಟ್ಟಿ ಮಾರುತ್ತಿದ್ದುದನ್ನೂ ತಂದೆ. ಹಿಂದಿನ ಸಂಜೆ ಹೋಗಿ ನೋಡಲಿಲ್ಲ, ಬುಡ ನೋಡಲಿಲ್ಲ, ಹೇಳಿ ಬರಲಿಲ್ಲ. ಮೂರು ತಿಂಗಳು ಮನೆಮಂದಿಗೆಲ್ಲ ಲೋಟಗಟ್ಟಲೆ ಕುಡಿಸಿದೆ. ನನ್ನ ಮೈದುನನಿಗೆ ಕಣ್ಣು ಹಳದಿಯಾಯಿತು, ಊಟ ಸೇರದಾಯಿತು. ಬಾಗಲಕೋಟೆಗೆ ಕರೆದುಕೊಂಡು ಹೋದಾಗ ಡಾಕ್ಟರು ಮೊದಲು ಕೇಳಿದ್ದೇ “ಮನ್ಯಾಗ ಏನರ ಕಷಾಯ ಕುಡಿಯಾಕತ್ತೀರೇನು?” ಎಂದು. ರಕ್ತ ಪರೀಕ್ಷೆಯಲ್ಲಿ ಲಿವರಿಗೆ ಪೆಟ್ಟು ಬಿದ್ದದ್ದು ಕಂಡಿತು. ಕಷಾಯ ನಿಲ್ಲಿಸಿ, ಅವರು ಹೇಳಿದ ಚಿಕಿತ್ಸೆ ಮಾಡಿದ ಮೇಲೆ ಎರಡು ತಿಂಗಳಿಗೆ ಸರಿಯಾಯಿತು. ದೇವರು ದೊಡ್ಡವನು.

ಅದೇ ಕೊರೊನಾ ಕಾಲದಲ್ಲಿ, 2021ರಲ್ಲಿ, ಮುಂಬೈಯ ವೈದ್ಯರು ಇಂಥ ಆರು ರೋಗಿಗಳ ವಿವರ ಪ್ರಕಟಿಸಿದ್ದರು. ಅಮೃತಬಳ್ಳಿಯನ್ನೇ ಹೋಲುವ ಬೇರೆ ಜಾತಿಯ ಬಳ್ಳಿಯನ್ನು ಬಳಸಿದ್ದಿರಬಹುದು ಎಂದು ಆಯುಷ್ ಸಚಿವಾಲಯ ಹೇಳಿತು. ಆ ವಾದದಲ್ಲಿ ಯಾರದು ಸರಿ ಎಂದು ತೀರ್ಮಾನಿಸುವ ಓದು ನನ್ನದಲ್ಲ. ನನಗೆ ಸಂಬಂಧಿಸಿದ ಪ್ರಶ್ನೆ ಒಂದೇ: ನಾನು ತಂದದ್ದು ಯಾವ ಬಳ್ಳಿ? ನಿಜವಾದ ಅಮೃತಬಳ್ಳಿಯ ಕಾಂಡದ ಮೇಲೆ ಕಾಗದದ ಹಾಗೆ ಸುಲಿಯುವ ಬೂದುಬಣ್ಣದ ತೆಳು ಸಿಪ್ಪೆ ಇರುತ್ತದೆ. ಅದನ್ನು ಉಗುರಿನಿಂದ ಕೆರೆದರೆ ಒಳಗೆ ಹಸಿರು. ಹೋಲುವ ಇನ್ನೊಂದರ ಕಾಂಡದ ತುಂಬ ನರೂಲಿಯಂಥ ಗಂಟುಗಳು. ಅಡ್ಡಕ್ಕೆ ಕೊಯ್ದರೆ ಎರಡರಲ್ಲೂ ಚಕ್ಕಡಿ ಗಾಲಿಯ ಹಾಗೆ ಗೆರೆ ಕಾಣುವುದರಿಂದ ತುಂಡು ಮಾಡಿ ಕಟ್ಟಿದ ಮೇಲೆ ಸಾಮಾನ್ಯರಿಗೆ ಗುರುತು ಸಿಗುವುದಿಲ್ಲ. ಸಂಜೆ ಒಂದು ಸಲ, ಬೆಳಿಗ್ಗೆ ಒಂದು ಸಲ, ಬುಡದ ಮುಂದೆ ಕುಂತು, ಮುಟ್ಟಿ, ಮೂಸಿ, ಯಾರಿಗಾಗಿ ತೆಗೆಯುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಿ ತೆಗೆಯುತ್ತಿದ್ದ ನಮ್ಮ ಅತ್ತೆಯ ಕೈಯಿಂದ ಈ ತಪ್ಪು ಆಗುತ್ತಿರಲಿಲ್ಲ. ಹೇಳಿ ಬರುವುದು ಎಂದರೆ ಎರಡು ಸಲ ನೋಡುವುದು. ಮಾತಾಡದೆ ಹೋಗುವುದು ಎಂದರೆ ಗಮನ ಬೇರೆಡೆ ಹೋಗದಂತೆ ಕಾಯುವುದು. ನೆರಳು ಬೀಳದಂತೆ ಕೂಡುವುದು ಎಂದರೆ ಬೆಳಕಿನಲ್ಲಿ ನೋಡುವುದು. ಗುದ್ದಲಿ ಒಯ್ಯದಿರುವುದು ಎಂದರೆ ಬೇಕೆಂದರೂ ಹೆಚ್ಚು ಅಗೆಯಲು ಆಗದ ಹಾಗೆ ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳುವುದು.

ಆದರೆ ಇಷ್ಟು ಹೇಳಿ ನಿಲ್ಲಿಸಿದರೆ ಅತ್ತೆಗೆ ಅನ್ಯಾಯ ಮಾಡಿದ ಹಾಗೆ. ಅವರು ಗುರುತು ತಪ್ಪಬಾರದು ಎಂದು ಅರಿಷಿಣ ಕುಂಕುಮ ಇಡುತ್ತಿರಲಿಲ್ಲ. ನಿಜವಾಗಿಯೂ ಕೇಳಿಕೊಳ್ಳುತ್ತಿದ್ದರು. ಒಂದು ವರ್ಷ ಬರದಲ್ಲಿ ಶತಾವರಿ ತೀರ ಸೊರಗಿತ್ತು. ಸಂಜೆ ಹೋಗಿ ಕುಂತು, ಬಹಳ ಹೊತ್ತು ನೋಡಿ, “ಈಕಿಗೇ ಇಲ್ಲ, ಏನ ಕೊಟ್ಟಾಳು” ಎಂದು ತಂಬಿಗೆಯ ನೀರನ್ನೆಲ್ಲ ಹಾಕಿ ಎದ್ದು ಬಂದರು. ಆ ಬಾಣಂತಿಗೆ ಸಬ್ಬಸಿಗೆ, ಮೆಂತ್ಯೆ, ಬೆಳ್ಳುಳ್ಳಿಯ ಪಥ್ಯ ಹೇಳಿ, ಕೂಸನ್ನು ಮೇಲಿಂದ ಮೇಲೆ ಎದೆಗೆ ಹಾಕಿಕೊಳ್ಳಲು ಹೇಳಿ, ಸರಕಾರಿ ದವಾಖಾನೆಯ ನರ್ಸಮ್ಮನ ಹತ್ತಿರ ಕಳಿಸಿದರು. ಕೇಳುವುದು ಎಂದರೆ ಇಲ್ಲ ಎಂಬ ಉತ್ತರಕ್ಕೂ ತಯಾರಿರುವುದು ಎಂದು ನಾನು ಕಲಿತದ್ದು ಅಂದು. ಇದನ್ನು ಯಾವ ಪಾಠಪುಸ್ತಕದಲ್ಲೂ ನಾನು ಹೇಳಿಕೊಟ್ಟಿಲ್ಲ. ಹೇಳಿಕೊಡಬೇಕಿತ್ತು.

ಈಗ ಗುಡ್ಡದ ಸ್ಥಿತಿ ಹೇಳುತ್ತೇನೆ. ಎರಡು ವರ್ಷದಿಂದ ನಸುಕಿನಲ್ಲಿ ಮೋಟರ್‌ಸೈಕಲ್ಲುಗಳು ಬರುತ್ತವೆ. ಗುದ್ದಲಿ, ಸಲಾಕೆ, ಗೋಣಿಚೀಲ. ಸಕ್ಕರೆ ಕಾಯಿಲೆಗೆ ರಾಮಬಾಣ ಎಂದು ಯಾರೋ ವಿಡಿಯೋ ಬಿಟ್ಟ ಮೇಲೆ ಮಧುನಾಶಿನಿ ಬಳ್ಳಿಯನ್ನು ಎಲೆಯಷ್ಟೇ ಅಲ್ಲ, ಬುಡಸಮೇತ ಎಳೆದು ಒಯ್ದರು. ಎಲೆ ತರಿದರೆ ಮತ್ತೆ ಚಿಗುರುತ್ತದೆ, ಬುಡ ಕಿತ್ತರೆ ಚಿಗುರುವುದು ಎಲ್ಲಿಂದ? ಹೋದ ಬನಶಂಕರಿ ಜಾತ್ರೆಯಲ್ಲಿ, ಬಾಗಿಲು ಚೌಕಟ್ಟು ಮಾರುವ ಸಾಲು ದಾಟಿದ ಮೇಲೆ, ಬೇರು ನಾರು ಹರವಿಕೊಂಡು ಕುಂತವನ ಮುಂದೆ ಒಂದು ಚೀಲದ ತುಂಬ ಶತಾವರಿ ಗಡ್ಡೆ ನೋಡಿದೆ. ಕಡ್ಡಿಯಷ್ಟು ಸಣ್ಣ ಎಳೆ ಗಡ್ಡೆಗಳೂ ಅದರಲ್ಲಿದ್ದವು. ಎಲ್ಲಿಯದಪ್ಪಾ ಎಂದರೆ, “ನಮಗೇನ ಗೊತ್ರಿ ಅಕ್ಕಾರ, ತಂದ ಹಾಕ್ತಾರ, ನಾವು ಮಾರ್ತೀವಿ” ಎಂದ. ಆತ ಬಡವ, ಆತನ ಮೇಲೆ ನನಗೆ ಸಿಟ್ಟಿಲ್ಲ. ಬನಶಂಕರಿಯ ಜಾತ್ರೆಯಲ್ಲಿಯೇ, ಶಾಕಾಂಬರಿಯ ಗುಡಿಯ ಗೋಪುರ ಕಾಣುವ ಜಾಗದಲ್ಲಿಯೇ, ತಾಯಿ ಮಕ್ಕಳನ್ನು ಒಟ್ಟಿಗೆ ಕಿತ್ತು ತಂದು ಚೀಲದಲ್ಲಿ ಸುರಿದದ್ದು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು.

ಇನ್ನೊಂದು ಬಗೆಯವರೂ ಇದ್ದಾರೆ. ಅವರ ಬಾಯಲ್ಲಿ ದೇವರು, ಮಂತ್ರ, ಶಕ್ತಿ ಎಲ್ಲವೂ ಇರುತ್ತದೆ. ಗ್ರಹಣದಲ್ಲಿ ಕಿತ್ತ ಬೇರು, ಸಿದ್ಧಿ ಮಾಡಿದ ಬೇರು ಎಂದು ಸಾವಿರಗಟ್ಟಲೆ ಹೇಳುತ್ತಾರೆ. ಸಕ್ಕರೆ ಕಾಯಿಲೆಯ ಗುಳಿಗೆ ಬಿಟ್ಟುಬಿಡಿ ಎನ್ನುತ್ತಾರೆ. ಇವರನ್ನೂ ನಮ್ಮ ಅತ್ತೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಸಕ್ಕರೆ ಕಾಯಿಲೆಯಂಥ ರೋಗಗಳನ್ನು ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಕಾನೂನೇ ನಿಷೇಧಿಸಿದೆ. ಮಧುನಾಶಿನಿಯಾಗಲಿ ಅಮೃತಬಳ್ಳಿಯಾಗಲಿ ರಕ್ತದ ಸಕ್ಕರೆ ಇಳಿಸುವ ಗುಣ ಉಳ್ಳವು. ಗುಳಿಗೆ ನುಂಗುವವರು ಡಾಕ್ಟರಿಗೆ ಹೇಳದೆ ಇವನ್ನೂ ಕುಡಿದರೆ ಸಕ್ಕರೆ ತೀರ ಇಳಿದು ತಲೆ ತಿರುಗಿ ಬೀಳಬಹುದು. ಅತ್ತೆ ಕಾಮಣಿಗೆ ನೆಲನೆಲ್ಲಿ ಕೊಡುವಾಗಲೂ ಐದು ದಿನ ನೋಡುತ್ತಿದ್ದರು, ಕಣ್ಣು ತಿಳಿಯಾಗದಿದ್ದರೆ “ಇದು ನನ್ನ ಕೈಯಾಗಿಂದಲ್ಲ” ಎಂದು ದೊಡ್ಡ ದವಾಖಾನೆಗೆ ಅಟ್ಟುತ್ತಿದ್ದರು. ಈಗಿನ ಕಾಲಕ್ಕೆ ಆ ಐದು ದಿನವನ್ನೂ ಕಾಯುವುದು ಬೇಡ. ರಕ್ತ ಪರೀಕ್ಷೆ ಮೊದಲು ಆಗಲಿ ಎಂದೇ ನನ್ನ ಹತ್ತಿರ ಬಂದವರಿಗೆ ನಾನು ಹೇಳುತ್ತೇನೆ.

ಇನ್ನು ನಾನು ಕೇಳಬೇಕೆಂದಿರುವ ಮಾತು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆ ಇವನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡಬೇಕು. ಕೆಲವು ವರ್ಷದ ಹಿಂದೆ ನಮ್ಮ ಕಡೆಯೂ ಇಬ್ಬರು ಹುಡುಗರು ಪಟ್ಟಿ ಹಿಡಿದು ಬಂದಿದ್ದರು. ಗಿಡದ ಹೆಸರು ಬರೆದುಕೊಂಡರು, ಯಾವ ಭಾಗ ಎಂದು ಬರೆದುಕೊಂಡರು, ಯಾವ ಬೇನೆಗೆ ಎಂದು ಬರೆದುಕೊಂಡರು. ನಾನು ಹಿಂದಿನ ಸಂಜೆಯ ಮಾತು, ಬನದ ಹುಣ್ಣಿಮೆಯ ಮಾತು, ಒಂದು ಬಿಟ್ಟು ಒಂದು ತೆಗೆಯುವ ಮಾತು ಶುರು ಮಾಡಿದೆ. ಒಬ್ಬ ಪೆನ್ನು ಮುಚ್ಚಿ, “ಅಕ್ಕೋರ, ಅದನ್ನೆಲ್ಲ ಬರಿಯಾಕ ಜಾಗಾ ಇಲ್ರಿ” ಎಂದ. ಪಾಪ, ನನ್ನ ಹಳೆಯ ವಿದ್ಯಾರ್ಥಿಯೇ ಆತ. ಆತನದೇನೂ ತಪ್ಪಿಲ್ಲ, ಅದು ಔಷಧದ ಭಾಗ ಎಂದು ಆತನಿಗೆ ಯಾರೂ ಹೇಳಿರಲಿಲ್ಲ. ಆತನ ಮೇಷ್ಟ್ರಾಗಿದ್ದ ನಾನೂ ಹೇಳಿರಲಿಲ್ಲ.

ಹೆಸರು, ಭಾಗ, ಬೇನೆ ಇಷ್ಟೇ ಬರೆದರೆ ಅದು ಗೋಣಿಚೀಲ ಹಿಡಿದು ಬರುವವನಿಗೆ ದಾರಿ ತೋರಿಸುವ ಪಟ್ಟಿಯಾಗುತ್ತದೆ. ಅದರ ಜೊತೆಗೆ ಯಾವಾಗ ಮುಟ್ಟಬಾರದು, ಎಷ್ಟು ಬಿಡಬೇಕು, ಹೇಗೆ ಕೇಳಬೇಕು, ಯಾರಿಗೆ ಕೊಡಬಾರದು ಎಂಬುದನ್ನೂ, ಹೇಳುವವರ ಮಾತಿನಲ್ಲೇ, ಬಾದಾಮಿಯವರದು ಬಾದಾಮಿಯ ಮಾತಿನಲ್ಲಿ, ಖಾನಾಪುರದವರದು ಖಾನಾಪುರದ ಮಾತಿನಲ್ಲಿ ಬರೆದಿಡಲಿ. 2023ರಲ್ಲಿ ಈ ಕಾಯ್ದೆಗೆ ತಿದ್ದುಪಡಿಯಾದಾಗ, ಗ್ರಂಥಗಳಲ್ಲಿ ಬರೆದಿಟ್ಟ ಪಾರಂಪರಿಕ ಜ್ಞಾನವನ್ನು ಬಳಸುವವರಿಗೆ ಲಾಭ ಹಂಚಿಕೆಯ, ಅಂದರೆ ಬಂದ ಲಾಭದಲ್ಲಿ ಊರಿನವರಿಗೆ ಪಾಲು ಕೊಡುವ, ಹೊಣೆಯಿಂದ ವಿನಾಯಿತಿ ಕೊಟ್ಟರು. ನಮ್ಮ ಅತ್ತೆಯಂಥವರ ಜ್ಞಾನ ಯಾವ ಗ್ರಂಥದಲ್ಲೂ ಇಲ್ಲ. ಅದು ಇದ್ದದ್ದು ಅವರ ಕೈಯಲ್ಲಿ, ಮತ್ತು ಆ ಕೈ ಎಲ್ಲಿ ನಿಲ್ಲುತ್ತಿತ್ತು ಎಂಬುದರಲ್ಲಿ. ಅವರ ಓರಗೆಯವರು ನಮ್ಮ ಊರಲ್ಲಿ ಇನ್ನು ಇಬ್ಬರೇ ಉಳಿದಿದ್ದಾರೆ. ಒಬ್ಬರಿಗೆ ಕಿವಿ ಕೇಳುವುದಿಲ್ಲ.

ಈ ಕೆಲಸಕ್ಕೆ ಬೇಕಾದ ಸಂಸ್ಥೆಗಳು ನಮ್ಮ ಸುತ್ತಲೇ ಇವೆ. ಬೆಳಗಾವಿಯಲ್ಲಿ 1933ರಲ್ಲಿ ಶುರುವಾದ, ಕೆಎಲ್‌ಇ ಸಂಸ್ಥೆಯ ಆಯುರ್ವೇದ ಮಹಾವಿದ್ಯಾಲಯವಿದೆ. ಅದೇ ಊರಲ್ಲಿ 2006ರಲ್ಲಿ ಶುರುವಾಗಿ ಈಗ ರಾಷ್ಟ್ರೀಯ ಪಾರಂಪರಿಕ ವೈದ್ಯಪದ್ಧತಿ ಸಂಸ್ಥೆ ಎನಿಸಿಕೊಂಡಿರುವ ಕೇಂದ್ರ ಸರಕಾರದ ಸಂಶೋಧನಾ ಕೇಂದ್ರವಿದೆ. ನಮ್ಮ ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಶತಾವರಿ ಬೀಜದಿಂದಲೂ ಏಳುತ್ತದೆ, ಬುಡ ಒಡೆದು ನೆಟ್ಟರೂ ಏಳುತ್ತದೆ. ವಿಶ್ವವಿದ್ಯಾಲಯದವರು ಸಸಿ ಮಾಡಿ ಗುಡ್ಡದ ಬುಡದ ಊರುಗಳ ಮಹಿಳಾ ಸಂಘಗಳಿಗೆ ಕೊಟ್ಟರೆ ಹೊಲದ ಬದುವಿನಲ್ಲೇ ಬೆಳೆದುಕೊಳ್ಳುತ್ತೇವೆ. ವ್ಯಾಪಾರಕ್ಕೆ ಬೇಕಾದವರು ಬದುವಿನದನ್ನು ಒಯ್ಯಲಿ, ಗುಡ್ಡದ್ದು ಗುಡ್ಡದಲ್ಲಿರಲಿ. ಬೆಳಗಾವಿಯ ವಿಜ್ಞಾನಿಗಳು ವರ್ಷಕ್ಕೊಮ್ಮೆಯಾದರೂ ಒಂದೊಂದು ತಾಲ್ಲೂಕಿಗೆ ಬಂದು, ಸಂತೆಯಲ್ಲಿ ಮಾರುವ ಬಳ್ಳಿ ಯಾವುದು, ನಿಜವಾದದ್ದು ಯಾವುದು ಎಂದು ಕಾಂಡ ಕೆರೆದು ತೋರಿಸಿದರೆ ನನ್ನ ಹಾಗೆ ತಪ್ಪು ಮಾಡುವವರು ಕಡಿಮೆಯಾಗುತ್ತಾರೆ. ಅವರು ಬಂದಾಗ ಭಾಷಣದ ವೇದಿಕೆ ಬೇಡ. ಹಿರಿಯ ಹೆಂಗಸರ ಜೊತೆ ಗಿಡದ ಮುಂದೆ ಕುಂತರೆ ಸಾಕು. ಒಬ್ಬರಿಂದೊಬ್ಬರು ಕಲಿಯುವುದು ಎರಡೂ ಕಡೆ ಬೇಕಾದಷ್ಟಿದೆ.

ನಿಮ್ಮಲ್ಲಿ ಕೇಳುವುದು ಇಷ್ಟು. ಮನೆಮದ್ದಿನ ಅಂಕಣ ನಿಲ್ಲಿಸಬೇಡಿ. ನಮ್ಮಂಥವರಿಗೆ ಅದು ಬೇಕು. ಪ್ರತಿ ಗಿಡದ ಜೊತೆಗೆ ಇನ್ನು ನಾಲ್ಕು ಸಾಲು ಸೇರಿಸಿ: ಗುರುತು ಹಿಡಿಯುವುದು ಹೇಗೆ ಮತ್ತು ಯಾವುದರೊಂದಿಗೆ ಗುರುತು ತಪ್ಪುತ್ತದೆ, ಯಾವ ಕಾಲದಲ್ಲಿ ತೆಗೆಯಬೇಕು, ಎಷ್ಟು ಬಿಟ್ಟು ಬರಬೇಕು, ಗರ್ಭಿಣಿಯರು, ಗುಳಿಗೆ ನುಂಗುವವರು, ಲಿವರಿನ ತೊಂದರೆ ಇದ್ದವರು ಮುಟ್ಟಬಾರದೋ ಹೇಗೆ. ಜಾಗ ಇದ್ದಾಗ, ಆ ಗಿಡವನ್ನು ಕೀಳುವ ಮುನ್ನ ಯಾವ ಊರಿನಲ್ಲಿ ಏನು ಹೇಳಿ ಕೇಳಿಕೊಳ್ಳುತ್ತಾರೆ ಎಂದು ಓದುಗರಿಂದಲೇ ತರಿಸಿ ಹಾಕಿ. ವಿಜಯಪುರದ ಬಯಲಿನವರದು ಬೇರೆ ಇರುತ್ತದೆ, ಘಟಪ್ರಭೆಯ ದಂಡೆಯವರದು ಬೇರೆ ಇರುತ್ತದೆ. ಎಲ್ಲ ಬರಲಿ.

ಅತ್ತೆಯ ಆ ಶತಾವರಿ ಇನ್ನೂ ಇದೆ. ಕವಳಿ ಪೊದೆಯ ಒಳಗೆ ಆಳದಲ್ಲಿರುವುದರಿಂದ ಸಲಾಕೆಯವರ ಕಣ್ಣಿಗೆ ಬಿದ್ದಿಲ್ಲ. ಜಾಗ ಎಲ್ಲಿ ಎಂದು ಇಲ್ಲಿ ಬರೆಯುವುದಿಲ್ಲ, ಕ್ಷಮಿಸಿ. ನನ್ನ ಮೊಮ್ಮಗಳು ಏಳನೇ ತರಗತಿ. ಈ ಸಲ ಬನದ ಹುಣ್ಣಿಮೆ ಕಳೆದು ಅಮವಾಸ್ಯೆ ಆದ ಮೇಲೆ ಅವಳನ್ನೂ ಅವಳ ಇಬ್ಬರು ಗೆಳತಿಯರನ್ನೂ ಸಂಜೆ ಗುಡ್ಡಕ್ಕೆ ಕರೆದುಕೊಂಡು ಹೋಗುವವಳಿದ್ದೇನೆ. ಈ ವರ್ಷ ಬೇರು ತೆಗೆಯುವ ವಿಚಾರವಿಲ್ಲ, ನೀರು ಹಾಕಿ ಮಾತಾಡಿಸಿ ಬರುತ್ತೇವೆ. ತಂಬಿಗೆ ಯಾರು ಹಿಡಿಯಬೇಕು ಎಂದು ಮೂವರಲ್ಲಿ ಈಗಲೇ ವಾದ ನಡೆದಿದೆ.

ಇಂತಿ ನಿಮ್ಮ ಓದುಗರಲ್ಲೊಬ್ಬಳು,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ,
ಬಾದಾಮಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ